ಹೆಡ್‌ಫೋನ್ ಆಂಪ್ಲಿಫೈಯರ್ ಖರೀದಿಯೂ ಅಧ್ಯಕ್ಷರ ಒಂದು ವಾಕ್ಯವೂ

ನಮ್ಮ ಸಂಘದ ಪ್ರಧಾನ ಕಚೇರಿಯಲ್ಲಿ ಬರಿಯ ಕಿವಿಯಿಂದ ಕೇಳುವ ಪದ್ಧತಿಯನ್ನು ಕಳೆದ ಜೂನ್ ತಿಂಗಳಿನಿಂದ ಅನ್ವಯವಾಗುವಂತೆ ರದ್ದುಪಡಿಸಲಾಗಿದೆ. ಸದಸ್ಯರು ಆಡಿದ ಯಾವ ಮಾತೂ ಹೆಡ್‌ಫೋನ್ ಆಂಪ್ಲಿಫೈಯರಿನ ಮೂಲಕ ಹಾದು ಬಂದ ಹೊರತು ಕೇಳಿಸಿತೆಂದು ಪರಿಗಣಿಸತಕ್ಕದ್ದಲ್ಲ. ಈ ಸುತ್ತೋಲೆಗೆ ಸಹಿ ಹಾಕಿದವನು ಸಂಘದ ಕಾರ್ಯದರ್ಶಿಯಾದ ನಾನೇ. ಇದರ ಬಗ್ಗೆ ಮಡಂತ್ಯಾರು ಪೇಟೆಯಲ್ಲಿ ಕೆಲಸವಿಲ್ಲದ ಕೆಲವರು ಬಾಯಿಗೆ ಬಂದ ಹಾಗೆ ಮಾತಾಡುತ್ತಿರುವುದರಿಂದ, ನಡೆದದ್ದನ್ನು ನಡೆದ ಹಾಗೆಯೇ ಇಲ್ಲಿ ವಿವರಿಸಲಾಗಿದೆ.

ಸಂಘದ ಪೂರ್ಣ ಹೆಸರು ತ್ರಿತಾಲೂಕು ಸರ್ವೋದ್ದೇಶ ಸಹಕಾರ ಸಂಘ (ನಿ.). ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಮೂರೂ ಕಡೆ ನಮಗೆ ಸದಸ್ಯರಿದ್ದಾರೆ. ಗೊಬ್ಬರ, ಬಂಗಾರದ ಸಾಲ, ಮದುವೆಯ ಕುರ್ಚಿ, ಹೆಣ ಇಡುವ ಶೀತಲ ಪೆಟ್ಟಿಗೆ ಎಲ್ಲವೂ ನಮ್ಮಲ್ಲಿ ಉಂಟು. ಸರ್ವೋದ್ದೇಶ ಎಂದು ಹೆಸರಿಟ್ಟ ಮೇಲೆ ಒಂದು ಉದ್ದೇಶವನ್ನೂ ಬಿಡುವ ಹಾಗಿಲ್ಲ.

ವಿಷಯ ಶುರುವಾದದ್ದು ಕಳೆದ ವರ್ಷದ ಮಹಾಸಭೆಯಲ್ಲಿ. ಅಧ್ಯಕ್ಷರಾದ ಶಂಭು ಹೆಗ್ಡೆಯವರು ಭಾಷಣ ಮುಗಿಸುವ ಹೊತ್ತಿಗೆ ಊಟದ ಚಪ್ಪರದಿಂದ ಒಳ್ಳೆಯ ಪರಿಮಳ ಬರುತ್ತಿತ್ತು. ಅಂಥ ಹೊತ್ತಿನಲ್ಲಿ ಯಾರ ಮನಸ್ಸಾದರೂ ದೊಡ್ಡದಾಗುತ್ತದೆ. ಅಧ್ಯಕ್ಷರು ಮೈಕಿನಲ್ಲಿ ಹೇಳಿದರು: "ನಮ್ಮ ಕಚೇರಿಯ ವಿಸ್ಮಿತಾ ಏಳು ವರ್ಷದಿಂದ ತಾತ್ಕಾಲಿಕವಾಗಿ ದುಡಿಯುತ್ತಿದ್ದಾರೆ. ಬರುವ ಬಿಸುವಿನೊಳಗೆ ವಿಸ್ಮಿತಾ ಅವರನ್ನು ಖಾಯಂ ಮಾಡ್ತೇವೆ." ಬಿಸು ಎಂದರೆ ಏಪ್ರಿಲಿನಲ್ಲಿ ಬರುವ ನಮ್ಮ ಕಡೆಯ ಹೊಸವರ್ಷದ ಹಬ್ಬ. ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ವಿಸ್ಮಿತಾ ಮುಂಡಾಜೆಯ ಹುಡುಗಿ. ಕಂಪ್ಯೂಟರ್, ಟಪಾಲು, ಸಭೆಯ ನಡಾವಳಿ ಎಲ್ಲ ಅವಳದೇ. ತಾತ್ಕಾಲಿಕ ನೌಕರರನ್ನು ಆರು ತಿಂಗಳಿಗೊಮ್ಮೆ ಒಂದು ದಿನ ಕೆಲಸದಿಂದ ತೆಗೆದು ಮರುದಿನ ಹೊಸದಾಗಿ ಸೇರಿಸಿಕೊಳ್ಳುವುದು ನಮ್ಮ ಕ್ರಮ. ಇಲ್ಲದಿದ್ದರೆ ಅವರಿಗೆ ತಾವು ನೌಕರರೆಂಬ ಭಾವನೆ ಬಂದುಬಿಡುತ್ತದೆ. ತೆಗೆದ ಆ ಒಂದು ದಿನವೂ ವಿಸ್ಮಿತಾ ಕಚೇರಿಗೆ ಬರುತ್ತಾಳೆ, ಏಕೆಂದರೆ ಕಂಪ್ಯೂಟರಿನ ಪಾಸ್‌ವರ್ಡ್ ಬೇರೆ ಯಾರಿಗೂ ಗೊತ್ತಿಲ್ಲ. ಆ ದಿನ ಅವಳನ್ನು ದಾಖಲೆಯಲ್ಲಿ ಸಾರ್ವಜನಿಕರು ಎಂದು ಪರಿಗಣಿಸಲಾಗುತ್ತದೆ. ಮೂಡಬಿದಿರೆಯ ಒಂದು ಶಾಲೆಯ ಕಚೇರಿಯಲ್ಲಿ ಅವಳಿಗೆ ಖಾಯಂ ಕೆಲಸವೇ ಸಿಕ್ಕಿತ್ತಂತೆ. ಅಧ್ಯಕ್ಷರ ಮಾತು ಕೇಳಿದ ಮರುದಿನ ಶಾಲೆಯವರಿಗೆ ಫೋನು ಮಾಡಿ, ಆ ಕೆಲಸ ಬೇಡ, ತನಗೆ ಇಲ್ಲಿಯೇ ಖಾಯಂ ಆಗುವುದುಂಟು ಎಂದು ಹೇಳಿಬಿಟ್ಟಳು. ಅಷ್ಟು ಅವಸರ ಯಾಕೆ ಮಾಡಬೇಕಿತ್ತೋ ದೇವರಿಗೇ ಗೊತ್ತು.

ಮಹಾಸಭೆಯ ನಡಾವಳಿಯನ್ನು ರೆಕಾರ್ಡಿಂಗ್ ಕೇಳಿ ಬರೆಯುವುದು ವಾಡಿಕೆ. ವಿಸ್ಮಿತಾ ಹೆಡ್‌ಫೋನ್ ಹಾಕಿ, ಕೇಳಿ, ಕೇಳಿದ್ದನ್ನೆಲ್ಲ ಟೈಪು ಮಾಡಿ ತಂದಳು. ಅಧ್ಯಕ್ಷರು ಓದುತ್ತಾ ಆ ವಾಕ್ಯದ ಹತ್ತಿರ ಬಂದು ನಿಂತರು.

"ಇದು ಎಂಥದು? ನಾನು ಹೀಗೆ ಹೇಳಿದ್ದೇನಾ?"

"ಹೌದು ಸರ್. ರೆಕಾರ್ಡಿಂಗಿನಲ್ಲಿ ಉಂಟು."

ಅಧ್ಯಕ್ಷರು ಹೆಡ್‌ಫೋನ್ ಹಾಕಿ ಕೇಳಿದರು. ತೆಗೆದಿಟ್ಟು, "ಕ್ಲಿಯರ್ ಇಲ್ಲ ಮಾರಾಯ್ರೆ. ಸೆಕ್ರೆಟ್ರಿಯವ್ರೆ, ನೀವೊಮ್ಮೆ ಕೇಳಿ" ಎಂದರು.

ನಾನು ಕೇಳಿದೆ. ಮೊದಲ ಸಲ ಖಾಯಂ ಎಂದು ಕೇಳಿಸಿತು. ಆಮೇಲೆ ಅಧ್ಯಕ್ಷರ ಮುಖ ನೋಡಿಕೊಂಡು ಇನ್ನೊಮ್ಮೆ ಕೇಳಿದೆ. ಆಗ ಅಷ್ಟು ಸ್ಪಷ್ಟವಿರಲಿಲ್ಲ. ತನಗೆ ಲಾಭವಾಗುವ ಮಾತು ಯಾರಿಗಾದರೂ ಕೇಳಿಸಿದರೆ ಅದನ್ನು ಕೇಳಿಸಿದ್ದೆಂದು ಲೆಕ್ಕಕ್ಕೆ ತೆಗೆದುಕೊಳ್ಳಬಾರದೆಂದು ಅಲ್ಲೇ ಒಂದು ನಿಯಮ ಮಾಡಿದೆವು. ನಡಾವಳಿಯಲ್ಲಿ ಆ ಜಾಗಕ್ಕೆ "ಅಧ್ಯಕ್ಷರು ಮಾತನಾಡಿದರು, ಶಬ್ದ ಸ್ಪಷ್ಟವಿಲ್ಲ" ಎಂದು ಹಾಕಲಾಯಿತು. ಅದನ್ನು ಟೈಪು ಮಾಡಿದ್ದೂ ವಿಸ್ಮಿತಾಳೇ.

ಮೂರನೇ ದಿನ ಅವಳ ತಾಯಿ ಪೂವಮ್ಮ ಕೌಂಟರಿನ ಎದುರು ಬಂದು ನಿಂತರು. ಅವರೂ ಸಂಘದ ಸದಸ್ಯರು.

"ಸೆಕ್ರೆಟ್ರಿಯವ್ರೆ, ನಾನು ಎದುರಿನ ಸಾಲಿನಲ್ಲೇ ಕೂತಿದ್ದೆ. ಹೆಗ್ಡೇರು ಹೇಳಿದ್ದನ್ನು ಈ ಎರಡು ಕಿವಿಯಲ್ಲಿ ಕೇಳಿದ್ದೇನೆ."

"ಕಿವಿಗೆ ಏನು ದಾಖಲೆ ಉಂಟು ಪೂವಮ್ಮ?" ಎಂದು ಸಮಾಧಾನದಿಂದಲೇ ಕೇಳಿದೆ.

"ನೀವು ಚಪ್ಪಾಳೆ ತಟ್ಟಿದ್ದನ್ನೂ ನೋಡಿದ್ದೇನೆ."

"ಅದು ಕಾರ್ಯಕ್ರಮದ ಚಪ್ಪಾಳೆ. ವಾಕ್ಯಕ್ಕೆ ತಟ್ಟಿದ್ದಲ್ಲ."

ಆದರೂ ಸಹಕಾರ ತತ್ತ್ವವೆಂದರೆ ಸದಸ್ಯರ ಅನುಮಾನ ಪರಿಹರಿಸುವುದು. ಶಬ್ದ ಸ್ಪಷ್ಟವಿಲ್ಲ ಎಂದಾದರೆ ಸ್ಪಷ್ಟ ಮಾಡಿಸಬೇಕು. ಅದೃಷ್ಟಕ್ಕೆ ಆ ವಾರವೇ ಅಧ್ಯಕ್ಷರ ಹೆಂಡತಿಯ ತಮ್ಮ ಶೋಧನ್ ಶೆಟ್ಟಿಯವರು ದುಬೈಯಿಂದ ರಜೆಯಲ್ಲಿ ಬಂದಿದ್ದರು. ಅಲ್ಲಿ ಅವರದು ಹೋಟೆಲು. ಹಾಡು ಕೇಳುವುದು ಹವ್ಯಾಸ. ಅವರು ಚೀಲದಿಂದ ಅಂಗೈಯಗಲದ ಒಂದು ಕಪ್ಪು ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟರು.

"ಭಾವ, ಇದು ಹೆಡ್‌ಫೋನ್ ಆಂಪ್ಲಿಫೈಯರ್. ಕಂಪ್ಯೂಟರಿನ ಸೌಂಡನ್ನು ಸೀದಾ ಕಿವಿಗೆ ಬಿಡಬಾರದು. ಅದರೊಳಗೆ ಫ್ಯಾನಿನ ಗಲಾಟೆ, ಕರೆಂಟಿನ ಗಲಾಟೆ. ಬಿ.ಸಿ.ರೋಡ್ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಗುಟ್ಟು ಹೇಳಿದ ಹಾಗೆ ಆಗ್ತದೆ. ಮೊದಲು ಇದಕ್ಕೆ ಬಿಡುವುದು, ಇದರಿಂದ ಹೆಡ್‌ಫೋನಿಗೆ. ಕಣ್ಣು ಮುಚ್ಚಿದ್ರೆ ಸ್ಟೇಜ್ ಕಾಣ್ತದೆ. ಯಾರು ಎಡಕ್ಕೆ, ಯಾರು ಬಲಕ್ಕೆ, ಎಲ್ಲ ಗೊತ್ತಾಗ್ತದೆ."

"ಅದನ್ನೇ ತೆಗೆದುಕೊಳ್ಳುವ" ಎಂದರು ಅಧ್ಯಕ್ಷರು.

ಸಂಘದಲ್ಲಿ ಹಾಗೆಲ್ಲ ಒಬ್ಬರಿಂದ ತೆಗೆದುಕೊಳ್ಳುವ ಹಾಗಿಲ್ಲ. ಮೂರು ದರಪಟ್ಟಿ ಬೇಕು. ಒಂದನ್ನು ಶೋಧನ್ ಶೆಟ್ಟಿಯವರು ಕೊಟ್ಟರು, ಒಂದನ್ನು ಅವರ ಹೆಂಡತಿ, ಇನ್ನೊಂದನ್ನು ಅವರ ಹೋಟೆಲು. ಮೂರೂ ಒಂದೇ ಕೈಬರಹದಲ್ಲಿದ್ದುದರಿಂದ ಓದಲು ಬಹಳ ಅನುಕೂಲವಾಯಿತು. ದೀಪ ಬೆಳಗಿ ಆಂಪ್ಲಿಫೈಯರನ್ನು ಲೋಕಾರ್ಪಣೆ ಮಾಡಲಾಯಿತು. ಅದಕ್ಕೊಂದು ಸಣ್ಣ ಶಾಲು ಹೊದೆಸಿದ್ದರಿಂದ ಬಿಸಿಯಾಗಿ ಸ್ವಲ್ಪ ಹೊತ್ತು ಕೆಲಸ ಮಾಡಲಿಲ್ಲ.

ಆಮೇಲೆ ಶಬ್ದ ಪರಿಶೀಲನಾ ಉಪಸಮಿತಿ ರಚನೆಯಾಯಿತು. ಮೂರು ತಾಲೂಕುಗಳ ಕಿವಿಗೂ ನ್ಯಾಯ ಸಿಗಬೇಕೆಂದು ನಾವು ಬಿ.ಸಿ.ರೋಡ್ ಶಾಖೆಯಲ್ಲಿ ಒಂದು ದಿನ, ಮುಂಡಾಜೆ ಶಾಖೆಯಲ್ಲಿ ಒಂದು ದಿನ, ಮೂಡಬಿದಿರೆಯಲ್ಲಿ ಒಂದು ದಿನ ಕುಳಿತು ಅದೇ ರೆಕಾರ್ಡಿಂಗನ್ನು ಮೊದಲು ಕಂಪ್ಯೂಟರಿನಿಂದ, ಆಮೇಲೆ ಆಂಪ್ಲಿಫೈಯರಿನಿಂದ ಕೇಳಿದೆವು. ಮೂರು ಕಡೆಯೂ ಊಟ ಚೆನ್ನಾಗಿತ್ತು. ಕೇಳಿದ ನಿರ್ದೇಶಕರೆಲ್ಲ ತಮ್ಮ ತಮ್ಮ ಸ್ವರ ಮೊದಲಿಗಿಂತ ಗಂಭೀರವಾಗಿದೆ ಎಂದು ಅಭಿಪ್ರಾಯಪಟ್ಟರು. ಅಧ್ಯಕ್ಷರ ವಾಕ್ಯ ಬಂದಾಗ ಮಾತ್ರ ಎಲ್ಲರೂ ಹೆಡ್‌ಫೋನ್ ತೆಗೆದು ನೀರು ಕುಡಿಯುತ್ತಿದ್ದರು.

ಹಿರಿಯ ನಿರ್ದೇಶಕ ಧರ್ಣಪ್ಪ ಪೂಜಾರಿಯವರು ಮಾತ್ರ ಸಿಟ್ಟಾದರು.

"ನಾನು ಅಧ್ಯಕ್ಷರ ಬಲಕ್ಕೆ ಕೂತದ್ದು. ಇದರಲ್ಲಿ ನನ್ನ ಸ್ವರ ಎಡಗಡೆಯಿಂದ ಬರ್ತಾ ಉಂಟು. ಅದೂ ಮೂಲೆಯಿಂದ! ನನ್ನನ್ನು ಮೂಲೆಗೆ ಹಾಕಿದ್ದು ಯಾರು?"

ಇದು ಗಂಭೀರ ವಿಷಯ. ವೇದಿಕೆಯಲ್ಲಿ ಕುರ್ಚಿ ಅತ್ತಿತ್ತ ಆದದ್ದಕ್ಕೆ ನಮ್ಮಲ್ಲಿ ಸಂಘಗಳೇ ಒಡೆದು ಎರಡಾದದ್ದುಂಟು. ಸಭೆಗೆ ಮೈಕು ಹಾಕಿದ್ದ ಹಾಜಬ್ಬರನ್ನು ಕರೆಸಲಾಯಿತು.

"ಒಂದೇ ಮೈಕ್ ಇದ್ದದ್ದು ಹೆಗ್ಡೇರೆ" ಎಂದರು ಹಾಜಬ್ಬ. "ಎರಡು ಕಿವಿಗೂ ಒಂದೇ ಸೌಂಡ್ ಬರುವುದು. ಎಡ ಬಲ ಅಂತ ಇಲ್ಲ."

"ಒಂದಾ? ನಮಗೆ ಇಡೀ ಸ್ಟೇಜ್ ಕಾಣ್ತಾ ಉಂಟಲ್ಲ!" ಎಂದರು ಅಧ್ಯಕ್ಷರು.

ಹಾಜಬ್ಬ ಎಲ್ಲರ ಮುಖ ನೋಡಿದರು. ಸ್ವಲ್ಪ ಯೋಚಿಸಿ, "ಹಾಗಾದ್ರೆ ಎರಡಿತ್ತು. ಬಿಲ್ಲು ಬದಲಾಯಿಸಿ ಕೊಡ್ತೇನೆ" ಎಂದರು. ಧರ್ಣಪ್ಪನವರು ಕೇಳುವಾಗ ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಳ್ಳಬಹುದೆಂದು ವಿಶೇಷ ಅನುಮತಿ ಕೊಟ್ಟ ಮೇಲೆ ಅವರು ಅಧ್ಯಕ್ಷರ ಬಲಕ್ಕೆ ಬಂದು ತೃಪ್ತರಾದರು.

ಕೊನೆಗೆ ಔಪಚಾರಿಕವಾಗಿ ವಿಸ್ಮಿತಾಳ ಅಭಿಪ್ರಾಯವನ್ನೂ ಕೇಳಲಾಯಿತು. ಅವಳು ಎರಡನ್ನೂ ಕೇಳಿ ಹೇಳಿದಳು: "ವ್ಯತ್ಯಾಸ ಎಂಥದೂ ಇಲ್ಲ ಸರ್. ಇದರಲ್ಲಿ ಸ್ವಲ್ಪ ಜೋರು ಕೇಳ್ತದೆ, ಅಷ್ಟೆ. ಕಂಪ್ಯೂಟರಿನಲ್ಲೂ ಖಾಯಂ ಅಂತಲೇ ಉಂಟು, ಇದರಲ್ಲೂ ಖಾಯಂ ಅಂತಲೇ ಉಂಟು."

ಶೋಧನ್ ಶೆಟ್ಟಿಯವರು, ಇಂಥ ಯಂತ್ರಕ್ಕೆ ಕಿವಿ ಪಳಗಲು ಕೆಲವರಿಗೆ ವರ್ಷಗಳೇ ಬೇಕಾಗುತ್ತವೆ ಎಂದು ವಿವರಿಸಿದರು. ಅಷ್ಟರಲ್ಲಿ ಬಿಸು ಬಂದು ಹೋಯಿತು. ವಿಸ್ಮಿತಾ ಆ ದಿನ ಹೊಸ ಚೂಡಿದಾರ ಹಾಕಿ ಬಂದಿದ್ದಳು. ಪರಿಶೀಲನೆ ಪ್ರಗತಿಯಲ್ಲಿದೆ ಎಂದು ಅವಳಿಗೆ ತಿಳಿಸಲಾಯಿತು.

ಮೇ ತಿಂಗಳಲ್ಲಿ ಲೆಕ್ಕ ಪರಿಶೋಧಕರು ಬಂದರು. ಅವರು ಹೊರಗಿನವರು, ಊಟಕ್ಕೂ ತಮ್ಮ ಬುತ್ತಿಯನ್ನೇ ತರುವ ಜನ. ಅವರು ಬರೆದಿಟ್ಟು ಹೋದದ್ದು ಇಷ್ಟು: ಕಂಪ್ಯೂಟರಿನಲ್ಲಿಯೇ ಶಬ್ದ ಬರುತ್ತಿರುವಾಗ ಈ ಪೆಟ್ಟಿಗೆ ಯಾಕೆ? ಇದರಿಂದ ಶಬ್ದ ಸುಧಾರಿಸಿದ್ದರೆ ಒಂದು ಉದಾಹರಣೆ ಕೊಡಿ. ಸುಧಾರಿಸದಿದ್ದರೆ ಹಣವನ್ನು ಅಧ್ಯಕ್ಷರಿಂದ ವಸೂಲು ಮಾಡಿ.

ಅಧ್ಯಕ್ಷರು ಆ ಕಾಗದವನ್ನು ಓದಿ ಬೆವರು ಒರೆಸಿಕೊಂಡರು. "ಉದಾಹರಣೆ ಹುಡುಕಿ ಸೆಕ್ರೆಟ್ರಿಯವ್ರೆ. ಮೊದಲು ಸ್ಪಷ್ಟ ಇಲ್ಲದೆ ಆಮೇಲೆ ಸ್ಪಷ್ಟ ಆದದ್ದು ಯಾವುದಾದರೂ ಉಂಟಾ?"

ಇಡೀ ನಡಾವಳಿ ಹುಡುಕಿದೆ. ಶಬ್ದ ಸ್ಪಷ್ಟವಿಲ್ಲ ಎಂದು ನಾವು ಬರೆದದ್ದು ಒಂದೇ ಒಂದು ಕಡೆ. ಹಾಗಾಗಿ ಸ್ಪಷ್ಟವಾಗಬಹುದಾದದ್ದೂ ಅದೊಂದೇ. ಅಧ್ಯಕ್ಷರು ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿ, ತಮ್ಮ ವಾಕ್ಯವನ್ನು ಕೇಳಿದರು. ಕಣ್ಣು ತೆರೆದಾಗ ಮುಖ ಅರಳಿತ್ತು.

"ಎಂಥ ಕ್ಲಿಯರ್ ಮಾರಾಯ್ರೆ! ಒಂದಕ್ಷರ ಬಿಟ್ಟಿಲ್ಲ."

ಉಪಸಮಿತಿಯ ಎಲ್ಲರಿಗೂ ಆ ಕ್ಷಣದಿಂದ ಸ್ಪಷ್ಟವಾಗಿ ಕೇಳಿಸತೊಡಗಿತು. ಕಂಪ್ಯೂಟರಿನಲ್ಲಿ ಕೇಳಿಸದಿದ್ದ "ವಿಸ್ಮಿತಾ ಅವರನ್ನು ಖಾಯಂ ಮಾಡ್ತೇವೆ" ಎಂಬ ವಾಕ್ಯವು ಆಂಪ್ಲಿಫೈಯರಿನಲ್ಲಿ ಸ್ಫುಟವಾಗಿ ಕೇಳಿಸುತ್ತದೆ ಎಂದು ಪ್ರಮಾಣಪತ್ರ ಸಿದ್ಧವಾಯಿತು. ಅದನ್ನೂ ವಿಸ್ಮಿತಾಳೇ ಟೈಪು ಮಾಡಿದಳು. ಮರುದಿನ ಅವಳು ಇಡೀ ಕಚೇರಿಗೆ ಲಾಡು ಹಂಚಿದಳು. ಮುಂಡಾಜೆಯಿಂದ ಪೂವಮ್ಮನೂ ಬಂದು, ನನಗೆ ಕೈ ಮುಗಿದು, ಎರಡು ಲಾಡು ಹೆಚ್ಚು ಕೊಟ್ಟರು.

ಲಾಡು ತಿಂದಾದ ಮೇಲೆ ಪ್ರಮಾಣಪತ್ರದ ಎರಡನೇ ಪುಟವನ್ನು ನಾನೇ ಓದಬೇಕಾಯಿತು. ಅದನ್ನು ಅಧ್ಯಕ್ಷರ ಮನೆಯಲ್ಲಿ ಕೈಯಲ್ಲೇ ಬರೆದಿದ್ದೆವು. "ಸದರಿ ವಾಕ್ಯವನ್ನು ಶಬ್ದದ ಗುಣಮಟ್ಟದ ಮಾದರಿಯಾಗಿ ಮಾತ್ರ ಬಳಸತಕ್ಕದ್ದು. ಅದರ ಅರ್ಥವನ್ನು ಯಾರೂ ಯಾವ ಕಾರಣಕ್ಕೂ ಬಳಸತಕ್ಕದ್ದಲ್ಲ."

ವಿಸ್ಮಿತಾ ಕೇಳಿದಳು: "ಹಾಗಾದ್ರೆ ಸರ್, ಕೇಳಿಸಿದ್ದು ಹೌದಾ ಅಲ್ಲವಾ?"

"ಕೇಳಿಸಿದ್ದು ಹೌದು. ಅದಕ್ಕೇ ಅಲ್ಲವಾ ಪ್ರಮಾಣಪತ್ರ?"

ಅವಳು ಖಾಲಿ ಡಬ್ಬಿಯನ್ನು ತೊಳೆದು ಚೀಲಕ್ಕೆ ಹಾಕಿಕೊಂಡಳು. ನನಗೂ ಬೇಸರವಾಯಿತು, ಇಲ್ಲವೆನ್ನುವುದಿಲ್ಲ. ಆದರೆ ನಾನು ಖಾಯಂ ನೌಕರ. ಬೇಸರಕ್ಕೆಲ್ಲ ನಿಯಮ ಬದಲಾಯಿಸುತ್ತಾ ಕೂರುವ ಹಾಗಿಲ್ಲ.

ಪರಿಶೋಧಕರು ಉತ್ತರವನ್ನು ಒಪ್ಪಿದರು. ಆದರೆ ಯಂತ್ರವನ್ನು ದಿನಾಲೂ ಬಳಸಬೇಕೆಂದು ಸೂಚಿಸಿದರು. ಅದರಿಂದಲೇ ಆರಂಭದಲ್ಲಿ ಹೇಳಿದ ಸುತ್ತೋಲೆ. ಈಗ ಗೊಬ್ಬರ ಕೇಳಲು ಬಂದವರು ಮೈಕಿನಲ್ಲಿ ಗೊಬ್ಬರ ಎಂದು ಹೇಳಿ ಹೊರಗೆ ಬೆಂಚಿನಲ್ಲಿ ಕಾಯುತ್ತಾರೆ. ಮಧ್ಯಾಹ್ನದ ಮೇಲೆ ನಾವು ಕೇಳುತ್ತೇವೆ. ಮೊದಮೊದಲು ಗೊಣಗುತ್ತಿದ್ದರು. ಈಗ ಬುತ್ತಿ ಕಟ್ಟಿಕೊಂಡು ಬರುತ್ತಾರೆ.

ಈ ವರ್ಷದ ಮಹಾಸಭೆಯಲ್ಲಿ ಆಂಪ್ಲಿಫೈಯರಿನ ಸಾಧನೆಯನ್ನು ಸದಸ್ಯರಿಗೆ ತೋರಿಸಬೇಕಿತ್ತು. ಹಾಜಬ್ಬರು ಎರಡು ಮೈಕಿನ ಬಿಲ್ಲಿನಲ್ಲಿ ಒಂದು ಮೈಕು ಹಾಕಿ, ಪೆಟ್ಟಿಗೆಯಿಂದ ದೊಡ್ಡ ಸ್ಪೀಕರಿಗೆ ವಯರು ಎಳೆದರು. "ಬರುವ ಬಿಸುವಿನೊಳಗೆ ವಿಸ್ಮಿತಾ ಅವರನ್ನು ಖಾಯಂ ಮಾಡ್ತೇವೆ" ಎಂದು ಅಧ್ಯಕ್ಷರ ಸ್ವರ ಇಡೀ ಸಭಾಂಗಣದಲ್ಲಿ ಮೊಳಗಿತು. ಜನ ಹೋದ ವರ್ಷಕ್ಕಿಂತ ಹೆಚ್ಚು ಚಪ್ಪಾಳೆ ತಟ್ಟಿದರು. ಎದುರಿನ ಸಾಲಿನಿಂದ ಪೂವಮ್ಮ ನನ್ನನ್ನು ಕರೆದರು.

"ಸೆಕ್ರೆಟ್ರಿಯವ್ರೆ, ಈಗ ಎಲ್ಲರಿಗೂ ಕೇಳಿತಲ್ಲ?"

"ಬಹಳ ಚೆನ್ನಾಗಿ ಕೇಳಿತು ಪೂವಮ್ಮ."

"ಮತ್ತೆ?"

"ಮತ್ತೆ ಊಟ ಉಂಟು."

ಸುದ್ದಿ ಹಬ್ಬಿ, ಬೇರೆ ಸಂಘಗಳವರು ಅಧ್ಯಯನ ಪ್ರವಾಸಕ್ಕೆ ಬರತೊಡಗಿದ್ದಾರೆ. ಮೊನ್ನೆ ಸುಳ್ಯದ ಕಡೆಯ ನಿರ್ದೇಶಕರ ತಂಡವೊಂದು ಬಂದಿತ್ತು. ಅಂದು ವಿಸ್ಮಿತಾಳನ್ನು ಕೆಲಸದಿಂದ ತೆಗೆದ ದಿನ. ದಾಖಲೆಯ ಪ್ರಕಾರ ಅವಳು ಸಾರ್ವಜನಿಕರು. ಆದರೂ ಬಂದು, ಅತಿಥಿಗಳಿಗೆ ಕುರ್ಚಿ ಹಾಕಿ, ವಾಕ್ಯವನ್ನು ಹುಡುಕಿ ಹಾಕಿದಳು. ತಂಡದ ಹಿರಿಯರೊಬ್ಬರು ಹೆಡ್‌ಫೋನಿನಲ್ಲಿ ಕೇಳಿ ತಲೆದೂಗಿದರು.

"ಭಾರೀ ಕ್ಲಿಯರ್ ಉಂಟು ಹೆಗ್ಡೇರೆ. ಇದರಲ್ಲಿ ವಿಸ್ಮಿತಾ ಅಂತ ಬರ್ತದಲ್ಲ, ಅದು ಯಾರು?"

"ಯಾರೂ ಅಲ್ಲ, ಅದು ಟೆಸ್ಟಿಂಗಿಗೆ ಇಟ್ಟ ಹೆಸರು" ಎಂದರು ಅಧ್ಯಕ್ಷರು. "ಮಧ್ಯದಲ್ಲಿ ಒತ್ತಕ್ಷರ ಉಂಟಲ್ಲ, ಸೌಂಡ್ ಒಳ್ಳೆಯದಾ ಅಲ್ಲವಾ ಅಂತ ಅಲ್ಲೇ ಗೊತ್ತಾಗಿಬಿಡ್ತದೆ."

ಅತಿಥಿಗಳು ಮೆಚ್ಚಿ, ತಮ್ಮ ಸಂಘಕ್ಕೂ ಅಂಥದೊಂದು ಹೆಸರು ಬೇಕೆಂದು ಬರೆದುಕೊಂಡರು. ಕಂಪ್ಯೂಟರಿನ ಹತ್ತಿರ ನಿಂತಿದ್ದ ವಿಸ್ಮಿತಾ ಮೌಸಿನ ಮೇಲೆ ಕೈಯಿಟ್ಟು ಕೇಳಿದಳು:

"ಇನ್ನೊಮ್ಮೆ ಹಾಕ್ಲಾ ಸರ್?"

ಎಲ್ಲರೂ ಹಾಕಿ ಎಂದರು.