ವಿಡಂಬನೆ ನಮ್ಮ ಮಿಲ್ಲಿಗೆ ಬಂದ ದಿನ

ಟೀವಿಯ ವಿಡಂಬನೆ ನೋಡಿ ಸುಮ್ಮನೆ ನಕ್ಕು ಏಳುವವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ. ನಗುವುದು ಯಾರಿಗಾದರೂ ಬರುತ್ತದೆ. ಅದು ಯಾವ ಹಗರಣದ ಮೇಲೆ ಬಿಟ್ಟ ಬಾಣ ಎಂದು ಹಿಡಿಯುವುದೇ ವಿದ್ಯೆ. ಆ ವಿದ್ಯೆಯಲ್ಲಿ ಚಳ್ಳಕೆರೆಯಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಹಮ್ಮು ನನಗಿತ್ತು. ನಾನು ಎಣ್ಣೆ ಮಿಲ್ಲೊಂದರಲ್ಲಿ ಶೇಂಗಾ ಪರೀಕ್ಷಿಸಿ ಕೊಳ್ಳುವವನು. ಭಾನುವಾರ ಸಂಜೆಯ ಹಾಸ್ಯ ಧಾರಾವಾಹಿ ಮುಗಿದರೆ, ಸೋಮವಾರ ಗೇಟಿನ ಚಹಾದಂಗಡಿಯಲ್ಲಿ ನನ್ನ ವ್ಯಾಖ್ಯಾನ ಶುರು. ಕುರಿ ಕದ್ದ ಕಥೆ ಬಂದರೆ ಅದು ಭೂಹಗರಣ, ಮೂರನೇ ಮದುವೆ ಬಂದರೆ ಸಮ್ಮಿಶ್ರ ಸರ್ಕಾರ. ಮೊಳಕಾಲ್ಮೂರಿನ ಭಾವಮೈದುನ ಕೂಡ ಫೋನು ಮಾಡಿ, ಇದು ಯಾರ ಮೇಲೆ ಭಾವ ಎಂದು ಕೇಳುತ್ತಿದ್ದ.

ಕಳೆದ ಭಾನುವಾರದ ಕಂತಿನಲ್ಲಿ ಒಬ್ಬ ಗುಮಾಸ್ತ. ರೈತರ ಚೀಲ ಬಂದಂತೆಲ್ಲ ಕೈ ಹಾಕಿ ಹಿಡಿ ಶೇಂಗಾ ತೆಗೆದು, ನಾಲ್ಕು ಒಡೆದು ಬಾಯಿಗೆ ಹಾಕಿಕೊಂಡು, ತೇವ ಐತೆ ಅಂತ ಮುಖ ಸಿಂಡರಿಸಿ, ಉಳಿದದ್ದನ್ನು ಜೇಬಿಗಿಳಿಸುತ್ತಾನೆ. ಸಂಜೆ ಹೊತ್ತಿಗೆ ಜೇಬೇ ಹರಿಯುತ್ತದೆ. ನಾನು ತೊಡೆ ತಟ್ಟಿ, ಇದು ಗಣಿ ಹಗರಣ ಕಣೇ, ಶೇಂಗಾ ಅಂದರೆ ಅದಿರು ಎಂದೆ. ಹೆಂಡತಿ ರತ್ನ ಚಟ್ನಿಗೆಂದು ಹುರಿದ ಶೇಂಗಾದ ಸಿಪ್ಪೆ ಉಜ್ಜುತ್ತಿದ್ದಳು.

"ಯಾವ ಗಣೀನೂ ಅಲ್ರೀ. ಈ ಶೇಂಗಾನೂ ನಿಮ್ಮ ಜೇಬಿಂದ ಬಂದಿದ್ದೇ ಅಲ್ವಾ?"

ಮದುವೆಯಾದ ಮೇಲೆ ಮನೆಗೆ ಶೇಂಗಾ ಕೊಂಡು ತಂದ ನೆನಪೇ ನನಗಿಲ್ಲ. ಪರೀಕ್ಷೆಗೆಂದು ಚೀಲದಿಂದ ತೆಗೆದ ಹಿಡಿಯನ್ನು ಮಿಲ್ಲಿನವರು ನಾವು ನೋಡೋ ಕಾಯಿ ಅನ್ನುತ್ತೇವೆ. ಕಳ್ಳತನ ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಟೀವಿಯವರಿಗೆ ಹೇಳಿದವರು ಯಾರು? ಆ ನಟನ ಅಂಗಿಗೂ ನನ್ನ ಅಂಗಿಯ ಹಾಗೇ ಪಕ್ಕದ ಜೇಬಿತ್ತು.

ಸೋಮವಾರ ಚಹಾದಂಗಡಿಯಲ್ಲಿ ಇನ್ನೂ ದೊಡ್ಡ ಆಘಾತ ಕಾದಿತ್ತು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ತೂಕದವನು, ಹಮಾಲರು, ಪಕ್ಕದ ಮಿಲ್ಲಿನವನು ಎಲ್ಲರೂ ಆರಿದ ಚಹಾವನ್ನೇ ಊದುತ್ತ ಕೂತಿದ್ದರು. ಕಂತು ತನ್ನ ಮೇಲೆಯೇ ಬಂದಿದೆ ಎಂಬ ಕಳವಳ ಒಬ್ಬೊಬ್ಬರ ಮುಖದಲ್ಲೂ ಇತ್ತು. ಗೌರಸಮುದ್ರದಿಂದ ಶೇಂಗಾ ತಂದಿದ್ದ ರೈತ ಓಬಜ್ಜ ಮಾತ್ರ ನಾನು ಮಿಲ್ಲಿನೊಳಗೆ ಬಂದದ್ದೇ ತನ್ನ ಚೀಲದ ಬಾಯಿ ಬಿಚ್ಚುತ್ತ ಕೇಳಿದ.

"ನಿನ್ನೆ ಬಂದಿದ್ದು ಯಾರ ಮ್ಯಾಲ್ರೀ? ನೀವು ಹೇಳಿದ್ರೆ ಸರಿಯಾಗಿರ್ತೈತೆ."

ಇಷ್ಟು ವರ್ಷದ ನನ್ನ ಮರ್ಯಾದೆ ಒಂದು ಉತ್ತರಕ್ಕೆ ಬಂದು ನಿಂತಿತು. ಗಣಿ ಎನ್ನಲು ನಾಲಿಗೆ ಏಳಲಿಲ್ಲ. ಯಾರ ಮೇಲೂ ಅಲ್ಲ ಅಜ್ಜ, ಎಲ್ಲ ಬರೀ ಕಲ್ಪನೆ, ಅಂಥವರು ಎಲ್ಲಾದರೂ ಇರುತ್ತಾರೆಯೇ ಎಂದೆ. ಓಬಜ್ಜ ನನ್ನ ಕೈಯನ್ನೇ ನೋಡಿದ. ನಾನೂ ನೋಡಿದೆ. ಅದು ಆಗಲೇ ಅವನ ಚೀಲದೊಳಗೆ ಮೊಣಕೈವರೆಗೆ ಇಳಿದಿತ್ತು.