ಅಮಲ್ದಾರರು ಕೂತ ನಮ್ಮ ಮನೆಯ ಕುರ್ಚಿ

ದೊಡ್ಡ ಮನುಷ್ಯರಿಗೂ ನಮ್ಮಂಥವರಿಗೂ ಇರುವ ವ್ಯತ್ಯಾಸವೆಲ್ಲ ಕೂರುವುದರಲ್ಲಿದೆ ಎಂದು ನನಗೆ ಬಹಳ ದಿನದಿಂದ ಅನುಮಾನ. ನಾವು ಜಾಗ ಸಿಕ್ಕ ಕಡೆ ಕೂರುತ್ತೇವೆ. ಅವರು ಕುರ್ಚಿ ಬರುವ ತನಕ ನಿಂತೇ ಇರುತ್ತಾರೆ. ನಾನು ಓದಿದ್ದು ಎರಡನೇ ಕ್ಲಾಸು, ಅದೂ ಅರ್ಧ. ಆದ್ದರಿಂದ ನನ್ನ ಮಾತನ್ನು ಒಪ್ಪಲೇಬೇಕೆಂದು ಹಟವಿಲ್ಲ. ಆದರೆ ಮಂಡ್ಯದಲ್ಲಿ ಹೈಸ್ಕೂಲಿನ ಎದುರು ಮನೆಯಲ್ಲಿ ಇಷ್ಟು ವರ್ಷ ಬಾಳಿದವಳಿಗೆ, ಒಳಗೆ ಕೂತು ಓದಿದವರಿಗಿಂತ ಒಂದೆರಡು ವಿಷಯ ಹೆಚ್ಚಾಗಿಯೇ ಗೊತ್ತಿರುತ್ತದೆ.

ನಮ್ಮ ಮನೆಯಲ್ಲಿದ್ದದ್ದು ಒಂದೇ ಕುರ್ಚಿ. ನಮ್ಮ ಯಜಮಾನರು ಶಿವನಸಮುದ್ರದಲ್ಲಿ ಕರೆಂಟಿನ ಕೆಲಸಕ್ಕಿದ್ದಾಗ ಸಾಹೇಬರೊಬ್ಬರು ತಮ್ಮ ದೇಶಕ್ಕೆ ಹೊರಡುವಾಗ ಬಿಟ್ಟುಹೋದದ್ದು. ಅಲ್ಲಿ ಹುಟ್ಟಿದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು, ನಮ್ಮ ಪಾಲಿಗೆ ಕುರ್ಚಿ ಬಂತು. ತೇಗದ್ದು, ಕೈ ಇರುವುದು, ಬೆತ್ತ ಹೆಣೆದದ್ದು. ಎತ್ತಿನ ಗಾಡಿಯಲ್ಲಿ ಮಳವಳ್ಳಿ ಮೇಲೆ ಬರುವಾಗ ಹಿಂದಿನ ಒಂದು ಕಾಲು ಮುಕ್ಕಾಯಿತು. ಅದರಡಿಗೆ ಹೆಂಚಿನ ಚೂರು ಇಟ್ಟರೆ ಮಹಾರಾಜರೂ ಕೂರಬಹುದು. ಇಡದಿದ್ದರೆ ಕೂತವರು ತೊಟ್ಟಿಲ ಮಗುವಿನ ಹಾಗೆ ತೂಗುತ್ತಾರೆ.

ಹೈಸ್ಕೂಲಿನಲ್ಲಿ ಬೆಂಚುಗಳಿದ್ದವು, ಕುರ್ಚಿಗಳಿರಲಿಲ್ಲ. ವಾರ್ಷಿಕೋತ್ಸವ ಬಂತೆಂದರೆ ಜವಾನ ಸಿದ್ದಪ್ಪ ಬೀದಿಯ ಮನೆಮನೆಗೂ ಬಂದು ಕುರ್ಚಿ ಹೊತ್ತುಕೊಂಡು ಹೋಗುತ್ತಿದ್ದ. ಅದಲುಬದಲಾಗದ ಹಾಗೆ ಅಡಿಯಲ್ಲಿ ಸೀಮೆಸುಣ್ಣದಿಂದ ಮನೆಯವರ ಹೆಸರು ಬರೆಯುವುದು ಪದ್ಧತಿ. ವೇದಿಕೆಯ ಮೇಲೆ ಕೀರ್ತಿವಂತ ಹಳೆಯ ವಿದ್ಯಾರ್ಥಿಗಳು ಜರಿ ಪೇಟ ಸುತ್ತಿ ಸಾಲಾಗಿ ಕೂರುತ್ತಿದ್ದರು. ಅವರ ಕೆಳಗೆ ನಮ್ಮ ಬೀದಿಯವರ ಹೆಸರುಗಳೂ ಸಾಲಾಗಿ ಇರುತ್ತಿದ್ದವು. ಕೀರ್ತಿ ಎಂದರೆ ಏನು ಎಂದು ಒಮ್ಮೆ ಸಿದ್ದಪ್ಪನನ್ನು ಕೇಳಿದೆ. "ಅವರು ಬರಾಗಂಟ ಬಸ್ಸು ಕಾಯ್ತದೆ ಕಣವ್ವ, ಅದೇಯ" ಅಂದ. ಶಾಲೆಯಲ್ಲಿ ಇಷ್ಟು ಸ್ಪಷ್ಟವಾಗಿ ಪಾಠ ಹೇಳುವವರು ಇನ್ನೊಬ್ಬರಿರಲಿಲ್ಲ.

ಯುದ್ಧ ನಡೆಯುತ್ತಿದ್ದ ಒಂದು ವರ್ಷ ನನ್ನ ಮೊಮ್ಮಗಳು ಜಯ ಮಿಡ್ಲ್ ಸ್ಕೂಲು ಪಾಸು ಮಾಡಿದಳು. ನನ್ನ ಮಗ ಆಗಲೇ ಪೂರಿಗಾಲಿಯಲ್ಲಿ ಗಂಡು ನೋಡಿದ್ದ. "ಐಸ್ಕೂಲಿಗೆ ಸೇರಿಸ್ಕೊಂಡ್ರೆ ಓದ್ಲಿ, ಇಲ್ದಿದ್ರೆ ಮದುವೆ" ಎಂದ. ಸೇರಿಸಿಕೊಳ್ಳುವುದಿಲ್ಲ ಎಂಬ ಧೈರ್ಯದಿಂದಲೇ ಹಾಗೆ ಅಂದದ್ದು. ನಾನು ಹೆಡ್‌ಮೇಷ್ಟರ ಹತ್ತಿರ ಹೋದೆ. ಮೈಸೂರಿನ ಕಡೆಯವರು, ಬಹಳ ಮೃದು ಮಾತು. "ಹುಡುಗಿ ಜಾಣೆ ಅಮ್ಮ. ಆದರೆ ಕೂರಿಸುವುದೆಲ್ಲಿ? ಹುಡುಗರ ಬೆಂಚಿನಲ್ಲಿ ಕೂರಿಸುವ ಹಾಗಿಲ್ಲ. ಒಬ್ಬಳಿಗಾಗಿ ಬೇರೆ ಬೆಂಚು ಮಂಜೂರಾಗಬೇಕು. ಈಗ ಯುದ್ಧ ನೋಡಿ" ಎಂದರು. ಜರ್ಮನಿಯವರಿಗೂ ನಮ್ಮ ಜಯಳ ಬೆಂಚಿಗೂ ಏನು ಹಗೆಯೋ ನನಗೆ ತಿಳಿಯಲಿಲ್ಲ. ಎರಡನೇ ಕ್ಲಾಸಿಗೆ ಬಿಟ್ಟರೆ ಹೀಗೇ ಆಗುವುದು.

ಅದೇ ವಾರ ಸಿದ್ದಪ್ಪ ಬಂದ. "ಅವ್ವಾ, ಅಮಲ್ದಾರ್ರು ಬತ್ತಾವ್ರೆ. ನಿಮ್ ಕುರ್ಚಿನೇ ಆಗ್ಬೇಕಂತೆ." ಕುರ್ಚಿ ಕೊಟ್ಟೆ. ಹೆಂಚಿನ ಚೂರು ಕೊಡಲಿಲ್ಲ.

ತಾಲ್ಲೂಕಿಗೆಲ್ಲ ಅಧಿಕಾರಿಯಾದ ಅಮಲ್ದಾರ್ ಪುಟ್ಟಸ್ವಾಮಿ ನನಗೆ ಹೊಸಬನಲ್ಲ. ಹಲಗೂರಿನ ಕಡೆಯಿಂದ ಬಂದು, ನಮ್ಮ ಮನೆಯ ಮುಂದಿನ ಕೋಣೆಯಲ್ಲಿದ್ದುಕೊಂಡು ಓದಿದವನು. ಲೆಕ್ಕದ ಪರೀಕ್ಷೆಯ ದಿನ ಅವನು ಕಾಣದೆ ಮೇಷ್ಟರುಗಳು ಕೆರೆ ಬಾವಿ ಎಲ್ಲ ಹುಡುಕಿದ್ದರು. ಮಧ್ಯಾಹ್ನ ಹಿಟ್ಟಿಗೆ ರಾಗಿ ತೆಗೆಯೋಣವೆಂದು ನಾನು ಕಾಳು ತುಂಬುವ ಮಣ್ಣಿನ ವಾಡೆಗೆ ಕೈ ಇಳಿಸಿದರೆ ತಲೆಕೂದಲು ಸಿಕ್ಕಿತು. ಸುಗ್ಗಿಗೆ ಮುಂಚಿನ ಕಾಲ, ಆಳೆತ್ತರದ ವಾಡೆಯಲ್ಲಿ ರಾಗಿ ತಳ ಕಂಡಿತ್ತು; ಭಾವೀ ಅಮಲ್ದಾರರು ಅದರಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದರು.

ಅಂಥವನು ವೇದಿಕೆಯಲ್ಲಿ ಎಲ್ಲರ ಮಾತು ಮುಗಿಯುವ ತನಕ ನಮ್ಮ ಕುರ್ಚಿಯಲ್ಲಿ ಮುಂದಕ್ಕೂ ಹಿಂದಕ್ಕೂ ತೂಗಿ, ಆಮೇಲೆ ಎದ್ದು ನಿಂತು, "ಕಷ್ಟಕ್ಕೆ ಹೆದರಿ ಎಂದೂ ಬೆನ್ನು ತೋರಿಸಬಾರದು" ಎಂದ. ಗೋಡೆಯ ಪಕ್ಕ ನಿಂತಿದ್ದ ನಾನೂ ಚಪ್ಪಾಳೆ ತಟ್ಟಿದೆ. ಬೆನ್ನು ಎಲ್ಲಿ ತೋರಿಸಿದ್ದ ಪಾಪ, ನೆತ್ತಿ ತಾನೇ ತೋರಿಸಿದ್ದು.

ಸಭೆ ಮುಗಿದು ಅವರೆಲ್ಲ ಕಾಫಿ ಕುಡಿಯುತ್ತಿರುವಾಗ ನಾನು ಸಿದ್ದಪ್ಪನ ಕೈಯಲ್ಲಿ ಕುರ್ಚಿ ಹೊರಿಸಿಕೊಂಡು ಹೋಗಿ ಮೊದಲನೇ ವರ್ಷದ ಕ್ಲಾಸಿನಲ್ಲಿ ಇಡಿಸಿದೆ. ಹೆಡ್‌ಮೇಷ್ಟರು ಓಡಿ ಬಂದರು. "ಏನಮ್ಮ ಇದು?"

"ಬೆಂಚಿಲ್ಲ ಅಂದ್ರಲ್ಲ ಬುದ್ಧಿ. ಇದು ಕುರ್ಚಿ. ನಮ್ಮ ಜಯ ಇದ್ರಾಗೆ ಕೂತ್ಕತಾಳೆ."

"ಪಾಠ ಹೇಳುವ ಮೇಷ್ಟರಿಗೇ ಸ್ಟೂಲು! ವಿದ್ಯಾರ್ಥಿನಿ ಅಮಲ್ದಾರರು ಕೂತ ಕುರ್ಚಿಯಲ್ಲಿ ಕೂರುವುದೇ?"

ಅಷ್ಟರಲ್ಲಿ ಕಾಫಿ ಲೋಟ ಹಿಡಿದ ಅಮಲ್ದಾರರೂ ಏನು ಗಲಾಟೆ ಎಂದು ಬಂದರು. ನಾನು ಸೆರಗು ಸರಿಮಾಡಿಕೊಂಡು ಕೇಳಿದೆ. "ಚೆನ್ನಾಗಿದ್ದೀಯೇನಪ್ಪ ಪುಟ್ಟಸ್ವಾಮಿ? ನಮ್ಮನೆ ವಾಡೆ ಇನ್ನೂ ಅಂಗೇ ಐತೆ ಕಣಪ್ಪ."

ಅಮಲ್ದಾರರಿಗೆ ಕಾಫಿ ನೆತ್ತಿಗೇರಿತು. ಕೆಮ್ಮು ನಿಂತ ಮೇಲೆ, "ಸೇರಿಸಿಕೊಳ್ಳಿ ಮೇಷ್ಟ್ರೇ, ಸೇರಿಸಿಕೊಳ್ಳಿ. ಹೆಣ್ಣುಮಕ್ಕಳು ಓದಬೇಕು. ನನ್ನದು ಮೊದಲಿಂದ ಅದೇ ಅಭಿಪ್ರಾಯ" ಎಂದರು. ಮೊದಲಿಂದ ಎಂದರೆ ನಾನು ವಾಡೆ ಎಂದಾಗಿನಿಂದ.

ಜಯ ಸೇರಿದಳು. ವಾರ ಕಳೆಯುವುದರೊಳಗೆ ಲೆಕ್ಕದ ಮೇಷ್ಟರು ನಮ್ಮ ಕುರ್ಚಿಗೆ ಬಂದಿದ್ದರು, ಜಯ ಅವರ ಸ್ಟೂಲಿಗೆ ಹೋಗಿದ್ದಳು. ಬೆನ್ನಿಗೆ ಆಸರೆಯಿಲ್ಲದ ಸ್ಟೂಲಿನ ಮೇಲೆ ಮೂರು ವರ್ಷ ಕೂತು ಎಸ್ಸೆಸ್ಸೆಲ್ಸಿ ಪಾಸು ಮಾಡಿದಳು. ಪೂರಿಗಾಲಿಯ ಗಂಡಿಗೆ ಅಷ್ಟರಲ್ಲಿ ಎರಡು ಮಕ್ಕಳಾಗಿದ್ದವು. ನಾನು ನೆಲದ ಮೇಲೆ ಕೂತು ಮಂಡಿ ಹಿಡಿಸಿಕೊಂಡೆ. ಕುರ್ಚಿ ವಾಪಸು ಕೇಳಲು ಹೋದರೆ ಅದರಡಿ ನಮ್ಮ ಹೆಸರು ಅಳಿಸಿ ಶಾಲೆಯ ನಂಬರು ಬರೆದಿದ್ದರು, ಸೀಮೆಸುಣ್ಣದಲ್ಲಲ್ಲ, ಬಣ್ಣದಲ್ಲಿ. ಹೆಂಚಿನ ಚೂರು ಮಾತ್ರ ನಮ್ಮ ಮನೆಯ ಗೂಡಿನಲ್ಲೇ ಇತ್ತು. ಇರಲಿ, ವರ್ಷಕ್ಕೊಬ್ಬ ದೊಡ್ಡ ಮನುಷ್ಯ ತೂಗಿದರೆ ನನ್ನ ಗಂಟೇನು ಹೋಗುತ್ತದೆ ಎಂದು ಅದನ್ನು ಅಲ್ಲೇ ಬಿಟ್ಟೆ.

ಸ್ವಾತಂತ್ರ್ಯ ಬಂದ ಈ ವರ್ಷ ಶಾಲೆಯಲ್ಲಿ ದೊಡ್ಡ ಸಭೆ. ಮಳವಳ್ಳಿಯ ಸ್ಕೂಲಿನಲ್ಲಿ ಮೇಡಂ ಆಗಿರುವ ಜಯಳನ್ನೂ ಹಳೆಯ ವಿದ್ಯಾರ್ಥಿನಿ ಎಂದು ಕರೆಸಿದರು. ಕೂರುವುದು ಅದೇ ಕುರ್ಚಿಯಲ್ಲಿ. ದೊಡ್ಡವರಿಗೆ ಒಂದು ನ್ಯಾಯ, ನಮ್ಮಂಥವರಿಗೆ ಒಂದು ನ್ಯಾಯ ಎಂದು ಜನ್ಮವಿಡೀ ಬೈದವಳು ನಾನು. ಆದರೂ ಬೆಳಕು ಹರಿಯುವ ಮುಂಚೆಯೇ ಹೆಂಚಿನ ಚೂರನ್ನು ಸೆರಗಿನಲ್ಲಿ ಒರೆಸಿ, ಯಾರೂ ಕಾಣದ ಹಾಗೆ ವೇದಿಕೆಗೆ ಹೋಗಿ, ಕತ್ತಲಲ್ಲೇ ಆ ಕಾಲಿನಡಿ ಸಿಕ್ಕಿಸಿ ಬಂದೆ.

ಸಭೆ ಶುರುವಾಯಿತು. ಜಯ ಕೂತಳು. ಕೂತವಳು ತೂಗಿದಳು, ಹಿಂದೆಂದೂ ಯಾರೂ ತೂಗದಷ್ಟು ತೂಗಿದಳು. ಪಕ್ಕದಲ್ಲಿದ್ದ ಸಿದ್ದಪ್ಪ ನನ್ನ ಕಿವಿಯಲ್ಲಿ ಅಂದ: "ಇದೇನವ್ವ ಇಂಗಾಡ್ತದೆ? ಬಡಗಿ ಸಾಬ್ರು ಆ ಮುಕ್ಕು ಕಾಲ್ನ ಸರಿಮಾಡಿ ಆರು ತಿಂಗ್ಳಾಯ್ತು!"

ನಾನು ಚಪ್ಪಾಳೆ ತಟ್ಟಿದೆ.