ಎರಡನೇ ಭಾಗ ಜಗಳೂರಿನಲ್ಲಿತ್ತು

೧. ಏಟು

ಬಾವಿಯೊಳಗಿಂದ ಬಳೆ ತೊಟ್ಟ ಕೈಯೊಂದು ಮೇಲೆ ಬರುತ್ತಿತ್ತು. ಅದೇ ಹೊತ್ತಿಗೆ ಯಾರೋ ನನ್ನ ಹೆಗಲ ಮೇಲೆ ಕೈ ಇಟ್ಟರು. ಕಿರುಚಿದೆ.

ಬಳೆಯ ಕೈ ಕಾದಂಬರಿಯದ್ದು. ಹೆಗಲ ಮೇಲಿನ ಕೈ, ಸುಟ್ಟುಹೋದ ಪಂಪ್‌ಸೆಟ್ ಮೋಟಾರು ತಂದಿದ್ದ ರೈತನದ್ದು. ಹೊನ್ನಾಳಿಯಲ್ಲಿ ನಮ್ಮದು ಮೋಟಾರ್ ವೈಂಡಿಂಗ್ ಅಂಗಡಿ. ಈಗ ಮಗ ನೋಡಿಕೊಳ್ಳುತ್ತಾನೆ. ನಾನು ಮೂಲೆಯಲ್ಲಿ ಕೂತು ಓದುತ್ತೇನೆ. ಈ ವರ್ಷ ಯುಗಾದಿಯಿಂದ ಈಚೆಗೆ ದೆವ್ವದ್ದು, ಕೊಲೆಯದ್ದು ಬಿಟ್ಟು ಬೇರೆ ಪುಸ್ತಕ ಮುಟ್ಟಿಲ್ಲ.

ವೈಂಡಿಂಗ್ ಅಂಗಡಿಯಲ್ಲಿ ಯಾರಾದರೂ ಕಿರುಚಿದರೆ ಅದಕ್ಕೆ ಅರ್ಥ ಒಂದೇ. ಮಗ ಓಡಿಹೋಗಿ ಮೇನ್ ಆಫ್ ಮಾಡಿದ. ಪಕ್ಕದ ಸೈಕಲ್ ಶಾಪಿನವನು ಒಣ ಬಿದಿರ ಕೋಲು ಹಿಡಿದು ಬಂದು ನನ್ನ ತೋಳಿಗೆ ಎರಡು ಬಾರಿಸಿದ.

"ಬಿಡ್ತಾ? ಕರೆಂಟ್ ಬಿಡ್ತಾ ಯಜಮಾನ್ರೇ?"

"ಕರೆಂಟ್ ಅಲ್ಲೋ. ದೆವ್ವ."

"ಅಯ್ಯಯ್ಯೋ, ತಲೆಗೇರೈತೆ!" ಎಂದು ಇನ್ನೊಂದು ಬಾರಿಸಿದ.

೨. ಅರ್ಧ ಗಡ್ಡ

ತೋಳಿಗೆ ಎಣ್ಣೆ ಹಚ್ಚಿಕೊಂಡು ಪುಸ್ತಕ ಮುಗಿಸಿದೆ. ಕೊನೆಯ ಪುಟದಲ್ಲಿ ಜಮೀನ್ದಾರ ಸತ್ತುಬಿದ್ದಿದ್ದ. ಕೊಂದವರು ಯಾರು ಎಂಬುದು ಎರಡನೇ ಭಾಗದಲ್ಲಿ.

ಪುಸ್ತಕ ಕೊಟ್ಟವರು ನಮ್ಮ ಬೀದಿಯ ಮೇಷ್ಟ್ರು. ಅವರ ಮನೆಗೆ ಹೋದೆ.

"ಎರಡನೇ ಭಾಗ ಕೊಡ್ರಿ."

"ಅದು ನ್ಯಾಮತಿ ಕಟಿಂಗ್ ಶಾಪಿನವನ ಹತ್ರ ಐತೆ. ಅಲ್ಲಾ, ಕೊಂದಿದ್ದು ಯಾರು ಗೊತ್ತೇನ್ರಿ..."

ಕಿವಿ ಮುಚ್ಚಿಕೊಂಡು ಹೊರಗೆ ಬಂದೆ. ಕೊಲೆಗಾರ ಯಾರೆಂದು ಪುಸ್ತಕವೇ ಹೇಳಬೇಕು. ಬೇರೆಯವರು ಹೇಳಿದರೆ ಓದಿದ್ದೆಲ್ಲ ದಂಡ.

ನ್ಯಾಮತಿಗೆ ಹೋದೆ. ಸುಮ್ಮನೆ ಕೇಳಿದರೆ ಚೆನ್ನಾಗಿರುವುದಿಲ್ಲ ಎಂದು ಶೇವಿಂಗಿಗೆ ಕೂತೆ. ಎಡಗೆನ್ನೆ ಮುಗಿದ ಮೇಲೆ ಪುಸ್ತಕದ ಮಾತು ತೆಗೆದೆ.

"ಅಯ್ಯೋ, ಅದನ್ನ ಇಲ್ಲಿ ಇಟ್ಕಳಾಕೆ ಆಗ್ಲಿಲ್ಲ ಸಾರ್. ಕುತ್ತಿಗೆ ಮೇಲೆ ಕತ್ತಿ ಇಟ್ಟು ಕೊಲೆ ಕತೆ ಹೇಳಿದ್ರೆ ಗಿರಾಕಿ ಕೂರ್ತಾರಾ? ನಮ್ಮಕ್ಕಂಗೆ ಕೊಟ್ಟೆ. ಚನ್ನಗಿರೀಲಿ ಅಡಿಕೆ ಸುಲಿಯಾಕೆ ಹೋಗ್ತಾಳೆ. ಆದ್ರೆ ಸಾರ್, ಆ ಕೊಲೆಗಾರ ಇದಾನಲ್ಲ, ಅವನು ಬೇರೆ ಯಾರೂ ಅಲ್ಲ..."

ಎದ್ದೆ. ದುಡ್ಡಿಟ್ಟು ಬಸ್ ಸ್ಟ್ಯಾಂಡಿಗೆ ನಡೆದೆ. ಬಸ್ಸಿನಲ್ಲಿ ಕಂಡಕ್ಟರ್ ನನ್ನ ಬಲಗೆನ್ನೆಯ ನೊರೆಯನ್ನೇ ನೋಡಿದ.

"ಇನ್ನರ್ಧ ಹೊನ್ನಾಳೀಲೇನ್ರೀ?"

೩. ತೀರ್ಮಾನ

ಚನ್ನಗಿರಿಯಲ್ಲಿ ಆಗ ಅಡಿಕೆ ಸುಗ್ಗಿ. ಶೆಡ್ಡಿನ ತುಂಬ ಹೆಂಗಸರು ಸಾಲಾಗಿ ಕೂತು ಸುಲಿಯುತ್ತಿದ್ದರು. ಪುಸ್ತಕ ಎಂದ ಕೂಡಲೇ ಸಾಹುಕಾರ ಎದ್ದು ಬಂದ.

"ನಿಮ್ದಾ ಅದು? ಒಳ್ಳೆ ಪುಸ್ತಕ ಕಣ್ರೀ! ಒಬ್ಬಾಕೆ ಓದೋದು, ಉಳಿದೋರು ಸುಲಿಯೋದು. ಮೊದಮೊದ್ಲು ಚೆನ್ನಾಗೇ ನಡೀತು. ಹೆದರಿಕೆ ಆದಷ್ಟೂ ಕೈ ಜೋರು. ಆಮೇಲೆ ಆ ಕೊಲೆಗಾರ ಬಾಗಿಲ ಹಿಂದೆ ಬಂದು ನಿಂತ ನೋಡ್ರಿ, ಎಲ್ಲರ ಕೈಯೂ ನಿಂತ್ವು. ಅಲ್ಲಿ ಬೇಯಿಸೋ ಹಂಡೆ ಕುದೀತಾ ಐತೆ, ಇಲ್ಲಿಂದ ಒಂದು ಅಡಿಕೆ ಬರ್ತಿಲ್ಲ! ಕಿತ್ಕೊಂಡು ಜಗಳೂರಾಗೆ ನಮ್ಮತ್ತೆಗೆ ಕಳಿಸ್ಬಿಟ್ಟೆ."

ಬೈದು ಮುಗಿಸಿ ಹಂಡೆಯ ಕಡೆ ಹೋದ. ಕಟಿಂಗ್ ಶಾಪಿನವನ ಅಕ್ಕ ಹತ್ತಿರ ಕರೆದಳು.

"ಮುಗಿಸಾಕೆ ಬಿಡ್ಲಿಲ್ಲ ಅಣ್ಣಾ. ಅದಕ್ಕೆ ನಾವೇ ಎಲ್ರೂ ಕೂಡಿ ತೀರ್ಮಾನ ಮಾಡೀವಿ. ಕೊಂದಿದ್ದು ಸಾಹುಕಾರ."

"ಕತೆಯಲ್ಲಿ ಸಾಹುಕಾರನೇ ಇಲ್ಲವಲ್ಲಮ್ಮ."

"ಇಲ್ಲಿ ಅದಾನಲ್ಲ," ಎಂದಳು.

೪. ಅಜ್ಜಿಯ ಕರಾರು

ಜಗಳೂರಿಗೆ ಹೆಂಡತಿಯೂ ಬಂದಳು. ಅಲ್ಲಿ ಒಳ್ಳೆಯ ಕಂಬಳಿ ಸಿಗುತ್ತದಂತೆ.

ಸಾಹುಕಾರನ ಅತ್ತೆ ಕಟ್ಟೆಯ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದರು. ವಯಸ್ಸಾದ ಅಜ್ಜಿ. ಕಪ್ಪು ಕನ್ನಡಕ.

"ಪುಸ್ತಕ ಐತೆ, ಕೊಡ್ತೀನಿ. ಆದ್ರೆ ನಾನು ಓದಿದ್ದು ಎರಡನೇದು ಒಂದೇ. ಬಾವೀಲಿ ಬಳೆ ಸದ್ದು ಹೆಂಗೆ ಶುರುವಾತು, ಸತ್ತೋನು ಎಂಥೋನು, ಒಂದೂ ತಿಳೀಲಿಲ್ಲ. ಮೊದಲಿಂದು ನೀನು ಹೇಳು."

"ಮೊದಲನೇ ಭಾಗ ಕಳಿಸ್ತೀನಿ."

"ಮೊನ್ನೆ ಕಣ್ಣು ಆಪರೇಶನ್ ಆಗೈತಪ್ಪಾ. ಓದಂಗಿಲ್ಲ. ಬಾಯಲ್ಲೇ ಹೇಳು."

ಹೇಳಿದೆ. "ಒಂದು ಮನೆ. ಒಂದು ಬಾವಿ. ಜಮೀನ್ದಾರ ಸತ್ತ."

ಅಜ್ಜಿಯ ಕೈ ನಿಂತಿತು. "ಅಷ್ಟು ದಪ್ಪ ಪುಸ್ತಕದಾಗೆ ಇಷ್ಟೇನಾ?"

"ಇಷ್ಟೇ."

"ಸರಿ ಬಿಡು. ನಾನೂ ಚಿಕ್ಕದಾಗೇ ಹೇಳ್ತೀನಿ. ಕೊಂದೋನು..."

"ತಡೀರಿ!"

ಕಟ್ಟೆಯ ಮೇಲೆ ಕೂತೆ. ಮೊದಲಿನಿಂದ ಶುರು ಮಾಡಿದೆ. ಬಾವಿಗೆ ಬಿದ್ದ ಹುಡುಗಿ, ಅವಳ ಬಳೆಯ ಸದ್ದು, ಜಮೀನ್ದಾರನ ಕುಡುಕ ತಮ್ಮ, ಔಷಧಿ ಕೊಡಲು ಬರುವ ಡಾಕ್ಟರು. ಎಲ್ಲಿ ಮೊಟಕು ಮಾಡಿದರೂ ಅಜ್ಜಿ "ಕೊಂದೋನು..." ಎಂದು ಬಾಯಿ ತೆರೆಯುತ್ತಿದ್ದರು. ಮತ್ತೆ ಉದ್ದ ಮಾಡುತ್ತಿದ್ದೆ. ಬಳೆ ಸದ್ದು ಮಾಡಿ ತೋರಿಸಬೇಕಾಯಿತು. ಕುಡುಕ ತಮ್ಮನ ಹಾಗೆ ನಡೆಯಬೇಕಾಯಿತು. ಬೀದಿಯವರು ಸೇರಿದರು. ಕುರಿ ಕಾಯುವವನೊಬ್ಬ ಕೇಳುತ್ತ ನಿಂತುಬಿಟ್ಟ. ಅವನ ಕುರಿಗಳು ಅಜ್ಜಿಯ ಶೇಂಗಾ ತಿಂದವು. ಇಬ್ಬರೂ ನೋಡಲಿಲ್ಲ.

ಕೊನೆಗೆ ಜಮೀನ್ದಾರ ಸತ್ತ ರೀತಿ ತೋರಿಸಲು ಕಟ್ಟೆಯ ಮೇಲೆ ಅಂಗಾತ ಮಲಗಿದೆ. ಹೆಂಡತಿ ಪಕ್ಕದ ಮನೆಯವಳಿಗೆ ಹೇಳುತ್ತಿದ್ದುದು ಕೇಳಿಸಿತು.

"ಮದುವೆ ಆದಾಗಿಂದ ಇವರು ಆಡಿದ್ದೆಲ್ಲ ಕೂಡಿಸಿದ್ರೂ ಇಷ್ಟು ಮಾತಾಗಲ್ಲ ಕಣವ್ವಾ."

ಅಜ್ಜಿ ಒಳಗಿಂದ ಪುಸ್ತಕ ತರಿಸಿದರು. ನನಗೆ ಕೊಡಲಿಲ್ಲ. ಹೆಂಡತಿಗೆ ಕೊಟ್ಟರು.

"ತಗಳವ್ವಾ. ಮೊದಲಿಂದು ಕೇಳಿದ್ಯಲ್ಲ, ಮುಂದಿಂದು ಓದು."

ಬಸ್ಸಿನಲ್ಲಿ ಕೈ ಚಾಚಿದೆ. "ಕೊಡೇ."

"ಮೊದಲನೇದು ನೀವು ಓದಿದ್ರಿ. ಇದು ನನ್ನ ಪಾಳಿ," ಎಂದು ಕಿಟಕಿಯ ಕಡೆ ತಿರುಗಿದಳು.

ದಾವಣಗೆರೆಯಲ್ಲಿ ಬಸ್ಸು ಬದಲಿಸುವಾಗಲೂ ಪುಟದಲ್ಲಿ ಬೆರಳಿಟ್ಟುಕೊಂಡೇ ಇಳಿದಳು. ಒಮ್ಮೆ "ಅಯ್ಯಯ್ಯೋ" ಎಂದಳು. ಇನ್ನೊಮ್ಮೆ "ಥೂ ನಿನ್ನ" ಎಂದಳು. ನಾನು ಏನೂ ಕೇಳಲಿಲ್ಲ. "ನನಗೆ ಏನೂ ಹೇಳಬೇಡ" ಎಂದೆ, ಅಷ್ಟೇ. ತಲೆಯಾಡಿಸಿದಳು.

ಹೊನ್ನಾಳಿ ಹತ್ತಿರ ಬಂದಾಗ ಪುಸ್ತಕ ಮುಚ್ಚಿ ನನ್ನ ತೊಡೆಯ ಮೇಲಿಟ್ಟಳು. ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಮೊದಲ ಪುಟ ತೆರೆದೆ.

"ಪಾಪ ಕಣ್ರೀ ಆ ಡಾಕ್ಟ್ರು," ಎಂದಳು. "ಬಾವಿಗೆ ಬಿದ್ದಾಕೆ ಸ್ವಂತ ತಂಗಿ ಆದ್ರೆ, ಕೊಲ್ಲದೆ ಇನ್ನೇನು ಮಾಡ್ತಾನೆ?"

ಮರುದಿನ ಪುಸ್ತಕವನ್ನು ಮೇಷ್ಟ್ರಿಗೆ ವಾಪಸ್ ಕೊಟ್ಟೆ.